ಲೀಸ್ ಅಂದರೆ ಭೋಗ್ಯವಲ್ಲ: 574 ಡಾಲರ್ ಕಂತಿನ ಎಸ್‌ಯುವಿ ಲೆಕ್ಕ

ಪ್ರಶ್ನೆ: ಮೇಡಂ, ನಾವು ಕ್ಯಾಲಿಫೋರ್ನಿಯಾದ ಡಬ್ಲಿನ್‌ನಲ್ಲಿದ್ದೇವೆ. ನಾನು ಎಚ್‌1ಬಿ ವೀಸಾದಲ್ಲಿದ್ದೇನೆ. ವಾರಕ್ಕೆ ಮೂರು ದಿನ ಸಾಂಟಾ ಕ್ಲಾರಾದ ಆಫೀಸಿಗೆ ಹೋಗಿಬರಬೇಕು, ಎರಡೂ ಕಡೆ ಸೇರಿ 65 ಮೈಲಿ. ಹೆಂಡತಿಗೆ ಮನೆಯಿಂದಲೇ ಕೆಲಸ. ನಾಲ್ಕು ವರ್ಷದ ಮಗಳಿದ್ದಾಳೆ. ಮೇ ತಿಂಗಳಲ್ಲಿ ಹಾಸನದಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬರುತ್ತಿದ್ದಾರೆ. ಅಮ್ಮನಿಗೆ ಮಂಡಿ ನೋವಿದೆ. ಇರುವ ಸೆಡಾನ್ ಸಾಲದು ಅಂತ ಮೂರು ಸಾಲು ಸೀಟಿನ ಎಸ್‌ಯುವಿ ನೋಡಿದೆವು. ಸ್ಟಿಕರ್ ಬೆಲೆ (ಕಂಪನಿ ಕಾರಿನ ಮೇಲೆ ಅಂಟಿಸಿದ ಬೆಲೆ) 42,000 ಡಾಲರ್. ಡೀಲರ್ ಕೊಟ್ಟ ಲೀಸ್ ಹೀಗಿದೆ: 36 ತಿಂಗಳು, ವರ್ಷಕ್ಕೆ 10,000 ಮೈಲಿ, ತಿಂಗಳಿಗೆ 574 ಡಾಲರ್, ತೆರಿಗೆ ಬೇರೆ, ಡೌನ್ (ಮುಂಗಡ) 3,000. ನನ್ನ ಕ್ರೆಡಿಟ್ ಸ್ಕೋರ್ 760. ಈ 3,000 ಕೊನೆಗೆ ವಾಪಸ್ ಬರುತ್ತದೆಯೇ? ಭಾವ ‘ಲೀಸ್ ಅಂದ್ರೆ ದುಡ್ಡು ನೀರಿಗೆ ಹಾಕಿದ ಹಾಗೆ’ ಅನ್ನುತ್ತಾರೆ. ಆಫೀಸಿನ ಗೆಳೆಯ 2024ರಲ್ಲಿ ಎಲೆಕ್ಟ್ರಿಕ್ ಎಸ್‌ಯುವಿಯನ್ನು ಇದರ ಅರ್ಧ ಕಂತಿಗೆ ತಂದಿದ್ದಾನೆ. ನಮ್ಮದು ಒಳ್ಳೆಯ ಡೀಲಾ? ಕಾಗದದ ಫೋಟೊ ಕಳಿಸಿದ್ದೇನೆ.

ಉತ್ತರ: ಇಲ್ಲ, ಆ 3,000 ವಾಪಸ್ ಬರುವುದಿಲ್ಲ. ಈ ಪ್ರಶ್ನೆ ಕೇಳುವವರಲ್ಲಿ ನೀವೇ ಮೊದಲಿಗರಲ್ಲ, ಕರ್ನಾಟಕದಿಂದ ಬಂದವರು ಇದನ್ನು ಕೇಳದಿದ್ದರೇ ನನಗೆ ಆಶ್ಚರ್ಯ. ನಮ್ಮೂರಿನಲ್ಲಿ ‘ಮನೆ ಲೀಸಿಗೆ ಹಾಕಿಕೊಂಡೆವು’ ಅಂದರೆ ಭೋಗ್ಯ. ಒಂದಿಷ್ಟು ಲಕ್ಷ ಕೈಯಲ್ಲಿಟ್ಟು, ಬಾಡಿಗೆಯಿಲ್ಲದೆ ಮೂರು ವರ್ಷ ಇದ್ದು, ಹೊರಡುವಾಗ ಅಷ್ಟನ್ನೂ ಎಣಿಸಿಕೊಂಡು ಬರುವುದು. ಆ ಪದ ಕಿವಿಗೆ ಬಿದ್ದ ಕೂಡಲೇ ಮುಂಗಡ ಎಂದರೆ ಠೇವಣಿ ಎಂದು ಮನಸ್ಸು ತಾನಾಗಿ ಅಂದುಕೊಳ್ಳುತ್ತದೆ. ಅಮೆರಿಕದ ಕಾರ್ ಲೀಸ್‌ನಲ್ಲಿ ಡೌನ್ ಎಂದರೆ ಮುಂಚೆಯೇ ಕಟ್ಟಿಬಿಟ್ಟ ಬಾಡಿಗೆ. ಕೊಟ್ಟಿದ್ದು ಕೊಟ್ಟ ಹಾಗೆ.

ಆದ್ದರಿಂದ ಮೊದಲು ಆ 3,000ವನ್ನು 36 ತಿಂಗಳಿಗೆ ಹಂಚಿ. ತಿಂಗಳಿಗೆ 83 ಡಾಲರ್ ಆಗುತ್ತದೆ. ನಿಮ್ಮ ಕಂತು 574 ಅಲ್ಲ, 657. ತೆರಿಗೆ ಇನ್ನೂ ಸೇರಿಲ್ಲ. ಡೀಲರ್‌ಗೆ ಡೌನ್ ಇಷ್ಟವಾಗುವುದೇ ಇದಕ್ಕೆ. ಅದು ಕಂತನ್ನು ತಗ್ಗಿಸಿ ತೋರಿಸುತ್ತದೆ, ಬೆಲೆಯನ್ನು ಒಂದು ಕಾಸೂ ಇಳಿಸುವುದಿಲ್ಲ.

ಈಗ ಕಾಗದಕ್ಕೆ ಬರೋಣ. ಲೀಸಿನ ಲೆಕ್ಕ ಮಗ್ಗಿ ಬಂದವರಿಗೆ ಸಾಕಾಗುವಷ್ಟು ಸುಲಭ, ಆದರೆ ಶೋರೂಮಿನಲ್ಲಿ ಅದನ್ನು ಹಾಗೆ ತೋರಿಸುವುದಿಲ್ಲ. ಕಾರಿನ ಇವತ್ತಿನ ಬೆಲೆಯಿಂದ ಮೂರು ವರ್ಷದ ನಂತರದ ಬೆಲೆಯನ್ನು ಕಳೆಯಿರಿ. ಆ ಸವಕಳಿಯನ್ನು ನೀವು ಕಟ್ಟಬೇಕು. ಜೊತೆಗೆ ಬ್ಯಾಂಕ್ (ಅಂದರೆ ಲೀಸ್ ಕಂಪನಿ) ಕಾರಿನಲ್ಲಿ ತೊಡಗಿಸಿದ ಹಣಕ್ಕೆ ಬಡ್ಡಿ. ಮುಗಿಯಿತು. ಇವತ್ತಿನ ಬೆಲೆಗೆ ಅವರು ಕ್ಯಾಪ್ ಕಾಸ್ಟ್ ಅನ್ನುತ್ತಾರೆ, ಮೂರು ವರ್ಷದ ನಂತರದ ಬೆಲೆಗೆ ರೆಸಿಡ್ಯುಅಲ್, ಬಡ್ಡಿದರಕ್ಕೆ ಮನಿ ಫ್ಯಾಕ್ಟರ್.

ನಿಮ್ಮ ಕಾಗದದಲ್ಲಿ ಕಾರಿನ ಬೆಲೆ 41,000. ಅದರ ಕೆಳಗೆ ‘ಪ್ರೊಟೆಕ್ಷನ್ ಪ್ಯಾಕೇಜ್’ ಎಂದು 1,295, ಲೀಸ್ ಶುರು ಮಾಡುವುದಕ್ಕೆ ಲೀಸ್ ಕಂಪನಿ ಹಾಕುವ ಅಕ್ವಿಸಿಶನ್ ಫೀ 695. ಒಟ್ಟು 42,990. ಸ್ಟಿಕರ್ ಬೆಲೆಗಿಂತ ಹೆಚ್ಚಾಯಿತಲ್ಲ, ಗಮನಿಸಿದಿರಾ? ಬಲಗೈಯಲ್ಲಿ 1,000 ಡಾಲರ್ ರಿಯಾಯಿತಿ ಕೊಟ್ಟು ಎಡಗೈಯಲ್ಲಿ 1,295 ಕಿತ್ತುಕೊಂಡಿದ್ದಾರೆ. ಇದರಿಂದ ನಿಮ್ಮ 3,000 ಕಳೆದರೆ 39,990. ರೆಸಿಡ್ಯುಅಲ್ 25,200, ಅಂದರೆ ಸ್ಟಿಕರ್ ಬೆಲೆಯ 60%. ಸವಕಳಿ 14,790, ತಿಂಗಳಿಗೆ 410.83. ಕಂತಿನ ಉಳಿದ 163 ಡಾಲರ್ ಬಡ್ಡಿ.

ಈ ಬಡ್ಡಿ ಎಷ್ಟು ಶೇಕಡಾ ಎಂಬುದು ಕಾಗದದಲ್ಲಿಲ್ಲ. ಇರಲೇಬೇಕೆಂದೂ ಇಲ್ಲ. 1976ರ ಗ್ರಾಹಕ ಲೀಸಿಂಗ್ ಕಾಯ್ದೆ ಮತ್ತು ಅದರ ‘ರೆಗ್ಯುಲೇಶನ್ ಎಂ’ ನಿಯಮಗಳ ಪ್ರಕಾರ ಕ್ಯಾಪ್ ಕಾಸ್ಟ್, ರೆಸಿಡ್ಯುಅಲ್, ಸವಕಳಿ, ಒಟ್ಟು ಬಡ್ಡಿ ಎಲ್ಲವನ್ನೂ ಒಪ್ಪಂದದಲ್ಲಿ ಬರೆಯಬೇಕು, ಆದರೆ ಮನಿ ಫ್ಯಾಕ್ಟರ್ ಬರೆಯಬೇಕಿಲ್ಲ. ಸಾಲ ಕೊಡುವವನು ವಾರ್ಷಿಕ ಬಡ್ಡಿದರ ಹೇಳಲೇಬೇಕಾದ ದೇಶದಲ್ಲಿ ಲೀಸಿಗೆ ಮಾತ್ರ ಈ ಕಿಂಡಿ ಹೇಗೆ ಉಳಿಯಿತೋ! ಪುಣ್ಯಕ್ಕೆ ಒಟ್ಟು ಬಡ್ಡಿ ‘ರೆಂಟ್ ಚಾರ್ಜ್’ ಎಂಬ ಹೆಸರಿನಲ್ಲಿ ಬರೆದಿರುತ್ತದೆ. ನಿಮ್ಮದರಲ್ಲಿ 5,867. ಅದನ್ನು 36ರಿಂದ ಭಾಗಿಸಿದರೆ 163. ಆ 163ನ್ನು 39,990 ಮತ್ತು 25,200ರ ಮೊತ್ತದಿಂದ, ಅಂದರೆ 65,190ರಿಂದ ಭಾಗಿಸಿ. 0.0025 ಬರುತ್ತದೆ. ಇದೇ ಮನಿ ಫ್ಯಾಕ್ಟರ್. 2400ರಿಂದ ಗುಣಿಸಿದರೆ 6%.

ಎರಡು ಬೆಲೆಗಳನ್ನು ಕಳೆಯುವುದು ಬಿಟ್ಟು ಕೂಡಿಸುವುದೇಕೆ ಎಂದು ಹಲವರು ಕೇಳುತ್ತಾರೆ. ಮೊದಲ ದಿನ ಬ್ಯಾಂಕಿನ 39,990 ಡಾಲರ್ ಕಾರಿನಲ್ಲಿರುತ್ತದೆ, ಕೊನೆಯ ದಿನ 25,200. ಸರಾಸರಿ ಬೇಕಾದರೆ ಕೂಡಿಸಿ ಎರಡರಿಂದ ಭಾಗಿಸಬೇಕು. ಆ ಎರಡು, ವರ್ಷದ ಹನ್ನೆರಡು ತಿಂಗಳು, ಶೇಕಡಾದ ನೂರು, ಮೂರನ್ನೂ ಗುಣಿಸಿದರೆ 2400. ಅದರಲ್ಲಿ ಮಂತ್ರ ಏನೂ ಇಲ್ಲ. ನೀವು ಸವಕಳಿಯ ಮೇಲಷ್ಟೇ ಅಲ್ಲ, ಹಿಂದಿರುಗಿಸುವ 25,200ರ ಮೇಲೂ ಮೂರು ವರ್ಷ ಬಡ್ಡಿ ಕಟ್ಟುತ್ತೀರಿ ಎಂಬುದು ಮಾತ್ರ ಇದರಿಂದ ಗೊತ್ತಾಗುತ್ತದೆ.

ರೆಸಿಡ್ಯುಅಲ್ ಅನ್ನು ಲೀಸ್ ಕಂಪನಿ ನಿಗದಿ ಮಾಡುತ್ತದೆ. ಡೀಲರ್ ಜೊತೆ ಅದರ ಬಗ್ಗೆ ಚೌಕಾಸಿ ಮಾಡಿದರೆ ಗೋಡೆಗೆ ಹೇಳಿದಂತೆ. ಮನಿ ಫ್ಯಾಕ್ಟರ್ ಹಾಗಲ್ಲ. ಕಂಪನಿ ಕೊಡುವ ಮೂಲ ದರದ ಮೇಲೆ ಡೀಲರ್ ತನ್ನ ಪಾಲು ಏರಿಸಬಹುದು, ಏರಿಸುತ್ತಾರೆ ಕೂಡ. ನಿಮ್ಮ ಮಾದರಿಗೆ, ನಿಮ್ಮ ಝಿಪ್ ಕೋಡಿಗೆ ಈ ತಿಂಗಳ ಮೂಲ ದರ ಎಷ್ಟೆಂದು ಎಡ್ಮಂಡ್ಸ್ ಎಂಬ ಕಾರು ಮಾಹಿತಿ ತಾಣದಲ್ಲಿ ಕೇಳಿದರೆ ಹೇಳುತ್ತಾರೆ. ನಿಮ್ಮ ಕ್ರೆಡಿಟ್ ಸ್ಕೋರ್ 760 ಎಂದು ಬರೆದಿದ್ದೀರಿ. ಆ ಸ್ಕೋರಿಗೆ ಮೂಲ ದರವೇ ಸಿಗಬೇಕು. ಲೆಕ್ಕಕ್ಕೆ ಅದು 0.0019 ಎಂದಿಟ್ಟುಕೊಳ್ಳೋಣ, ಅಂದರೆ ಸುಮಾರು 4.6%.

ಈಗ ಅದೇ ಕಾರನ್ನು ನಾನು ಕೇಳುವ ರೀತಿಯಲ್ಲಿ ನೋಡಿ. ಬೆಲೆ 39,000, ಸ್ಟಿಕರ್‌ಗಿಂತ ಸುಮಾರು 7% ಕಡಿಮೆ. ಬೇಡಿಕೆ ವಿಪರೀತ ಇರುವ ಮಾದರಿಯಲ್ಲದಿದ್ದರೆ, ತಿಂಗಳ ಕೊನೆಯಲ್ಲಿ ನಾಲ್ಕಾರು ಡೀಲರ್‌ಗಳನ್ನು ಕೇಳಿದರೆ ಇದು ಅತಿಯಾಸೆ ಅಲ್ಲ. ಪ್ರೊಟೆಕ್ಷನ್ ಪ್ಯಾಕೇಜ್ ಬೇಡ. (ಅದರೊಳಗೆ ಟೈರಿಗೆ ನೈಟ್ರೋಜನ್ ಎಂದು ಬರೆದಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ 78% ನೈಟ್ರೋಜನ್ ಇದೆ, ಅದೂ ಪುಕ್ಕಟೆ.) ಡೌನ್ ಸೊನ್ನೆ. ಅಕ್ವಿಸಿಶನ್ ಫೀ 695 ಸೇರಿ 39,695. ಸವಕಳಿ 14,495, ತಿಂಗಳಿಗೆ 402.64. ಬಡ್ಡಿ 123.30. ಕಂತು 526.

ಡೌನ್ ಇಲ್ಲದೆ 526 ಒಂದು ಕಡೆ, 3,000 ಕೊಟ್ಟ ಮೇಲೂ 574 ಇನ್ನೊಂದು ಕಡೆ. ಮೂರು ವರ್ಷಕ್ಕೆ ವ್ಯತ್ಯಾಸ ಸುಮಾರು 4,720 ಡಾಲರ್. ಕಾರು ಅದೇ, ಬಣ್ಣ ಅದೇ. ಇದರಲ್ಲಿ 2,000 ಬೆಲೆಯಿಂದ ಬಂದದ್ದು, 1,295 ಪ್ಯಾಕೇಜಿನಿಂದ, 1,400ರಷ್ಟು ಬಡ್ಡಿದರದಿಂದ. ಕ್ಯಾಲಿಫೋರ್ನಿಯಾದಲ್ಲಿ ಲೀಸಿನ ಮಾರಾಟ ತೆರಿಗೆ ಕಂತಿನ ಮೇಲೂ ಬೀಳುತ್ತದೆ, ಡೌನ್ ಮೇಲೂ ಬೀಳುತ್ತದೆ. 9% ಹಿಡಿದರೂ ವ್ಯತ್ಯಾಸ 5,000 ದಾಟುತ್ತದೆ.

ಹಾಗಾಗಿ ಉತ್ತರ: ನಿಮ್ಮ ಕೈಯಲ್ಲಿರುವ ಕಾಗದ ಒಳ್ಳೆಯ ಡೀಲ್ ಅಲ್ಲ. ಆದರೆ ಅದೇ ಕಾರು, ಅದೇ ಲೀಸ್ ಕಂಪನಿ, ಅದೇ 60% ರೆಸಿಡ್ಯುಅಲ್ ಇಟ್ಟುಕೊಂಡೇ ಒಳ್ಳೆಯ ಡೀಲ್ ಮಾಡಬಹುದು.

‘ಸರಿ, ಬಡ್ಡಿಯಾದರೂ ಉಳಿಯಲಿ, 3,000 ಕೊಟ್ಟುಬಿಡುತ್ತೇನೆ’ ಅನ್ನುವಿರೇನೋ. ಡೀಲರ್‌ನ 6% ದರದಲ್ಲೇ 3,000 ಡೌನ್ ಕೊಟ್ಟರೆ ಮೂರು ವರ್ಷದಲ್ಲಿ ಉಳಿಯುವ ಬಡ್ಡಿ 270 ಡಾಲರ್. ತಿಂಗಳಿಗೆ ಏಳೂವರೆ. ಇದಕ್ಕೆ ಪ್ರತಿಯಾಗಿ ನೀವು ಹೊರುವ ಅಪಾಯ ನೋಡಿ. ಎರಡನೇ ತಿಂಗಳಿನಲ್ಲಿ ಯಾರೋ ಹಿಂದಿನಿಂದ ಗುದ್ದಿ ಕಾರು ಟೋಟಲ್ ಆದರೆ (ಅಂದರೆ ರಿಪೇರಿಗೆ ಮೀರಿದರೆ), ವಿಮಾ ಕಂಪನಿ ಲೀಸ್ ಕಂಪನಿಗೆ ಹಣ ಕೊಡುತ್ತದೆ. ಬಾಕಿಗೂ ಕಾರಿನ ಬೆಲೆಗೂ ಇರುವ ಅಂತರವನ್ನು ಗ್ಯಾಪ್ ರಕ್ಷಣೆ ತುಂಬುತ್ತದೆ, ಅನೇಕ ಲೀಸ್‌ಗಳಲ್ಲಿ ಅದು ಒಳಗೇ ಸೇರಿರುತ್ತದೆ (ನಿಮ್ಮದರಲ್ಲಿ ಇದೆಯೇ ನೋಡಿಕೊಳ್ಳಿ). ಆದರೆ ನೀವು ಕೊಟ್ಟ 3,000ವನ್ನು ಯಾರೂ ತುಂಬಿಕೊಡುವುದಿಲ್ಲ. ಹಾಗಾಗಿ ಲೀಸಿಗೆ ಡೌನ್ ಕೊಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸಹಿ ಹಾಕುವ ದಿನ ಮೊದಲ ಕಂತು, ನೋಂದಣಿ, ಡಿಎಂವಿ (ಇಲ್ಲಿನ ಆರ್‌ಟಿಒ) ಶುಲ್ಕ ಇಷ್ಟು ಕಟ್ಟಿದರೆ ಸಾಕು.

ಈಗ ಭಾವನ ಮಾತು. ಮೂರು ವರ್ಷ ಕಟ್ಟಿ ಕೊನೆಗೆ ಕೈಯಲ್ಲಿ ಏನೂ ಇಲ್ಲ ಎಂಬುದು ಅವರ ವಾದ. ಕೈಯಲ್ಲಿ ಏನುಳಿಯಿತು ಎಂಬುದಕ್ಕಿಂತ ಒಟ್ಟು ಎಷ್ಟು ಹೋಯಿತು ಎಂದು ನೋಡಿ. 39,000ಕ್ಕೆ ಕೊಂಡರೆ 9% ತೆರಿಗೆ ಪೂರ್ತಿ ಬೆಲೆಯ ಮೇಲೆ, 3,510. ಒಟ್ಟು 42,510. ಅಷ್ಟಕ್ಕೂ 6%ನಲ್ಲಿ ಐದು ವರ್ಷದ ಸಾಲ ಮಾಡಿದರೆ ಕಂತು 822. ಮೂರು ವರ್ಷದಲ್ಲಿ ಕಟ್ಟಿದ್ದು ಸುಮಾರು 29,590, ಇನ್ನೂ ಬಾಕಿ 18,540. ಆ ದಿನ ಕಾರು 25,200ಕ್ಕೆ ಮಾರಾಟವಾದರೆ ಕೈಗೆ 6,660 ಬರುತ್ತದೆ. ನಿವ್ವಳ ಖರ್ಚು 22,930. ನಾನು ಹೇಳಿದ 526ರ ಲೀಸ್ ತೆರಿಗೆ ಸೇರಿ 20,640. ಕಾರು ಹಿಂದಿರುಗಿಸುವಾಗ ಕಟ್ಟುವ ಡಿಸ್ಪೊಸಿಶನ್ ಫೀ 395 ಎಂದು ನಿಮ್ಮ ಕಾಗದದಲ್ಲಿದೆ, ಅದನ್ನೂ ಸೇರಿಸಿದರೆ 21,030. ಲೀಸೇ ಅಗ್ಗವಾಯಿತು. ಡೀಲರ್‌ನ ಕಾಗದ ಮಾತ್ರ ಇದೇ ಲೆಕ್ಕದಲ್ಲಿ 26,180ಕ್ಕೆ ಹೋಗುತ್ತದೆ, ಕೊಳ್ಳುವುದಕ್ಕಿಂತ 3,250 ಹೆಚ್ಚು. ಭಾವ ಅಂಥದ್ದೊಂದು ಕಾಗದ ನೋಡಿಯೇ ಆ ಮಾತು ಹೇಳಿರಬೇಕು.

ಲೀಸ್ ಕಾರನ್ನು ಹಿಂದಿರುಗಿಸುವುದಾದರೆ, ಮೂರು ವರ್ಷದ ನಂತರ ಕಾರಿಗೆ ಮಾರುಕಟ್ಟೆಯಲ್ಲಿ 27,100ರ ಮೇಲೆ ಬಂದರೆ ಕೊಂಡವನು ಗೆಲ್ಲುತ್ತಾನೆ, ಅದಕ್ಕಿಂತ ಕಡಿಮೆಯಾದರೆ ಲೀಸ್ ತಗೊಂಡವನು. ಅದರಲ್ಲೂ ಲೀಸಿನವನಿಗೆ ಒಂದು ಅನುಕೂಲವಿದೆ. ಬೆಲೆ ಬಿದ್ದರೆ ಬೀಗದ ಕೈ ಕೊಟ್ಟು ಬರಬಹುದು, ಏರಿದರೆ ಒಪ್ಪಂದದ 25,200ಕ್ಕೇ ಕೊಂಡುಕೊಳ್ಳಬಹುದು. 2021, 22ರಲ್ಲಿ ಹಳೆಯ ಕಾರುಗಳ ಬೆಲೆ ಗಗನಕ್ಕೇರಿದಾಗ ಎಷ್ಟೋ ಜನ ಹೀಗೆ ಕೊಂಡು ಸಾವಿರಾರು ಡಾಲರ್ ಲಾಭ ಮಾಡಿಕೊಂಡರು. ಅದು ಮತ್ತೆ ಬರುತ್ತದೆಂದು ಕಾಯಬೇಡಿ. ನೀವು ಕಾರನ್ನು ಎಂಟು ಹತ್ತು ವರ್ಷ ಓಡಿಸುವ ಜಾತಿಯವರಾದರೆ ಭಾವನ ಮಾತೇ ಸರಿ: ಸಾಲ ತೀರಿದ ಮೇಲಿನ ಮೂರರಿಂದ ಐದು ವರ್ಷಗಳಿಗೆ ಯಾವ ಲೀಸೂ ಸಾಟಿಯಿಲ್ಲ.

2025ರಿಂದ 2028ರವರೆಗೆ, ಅಮೆರಿಕದಲ್ಲೇ ಅಂತಿಮ ಜೋಡಣೆಯಾದ ಹೊಸ ಕಾರಿನ ಸಾಲದ ಬಡ್ಡಿಯನ್ನು ಆದಾಯದಿಂದ ಕಳೆಯುವ ಸೌಲಭ್ಯ ಇದೆ, ಲೀಸಿಗೆ ಇಲ್ಲ. ಆದರೆ ಗಂಡ ಹೆಂಡತಿಯ ಜಂಟಿ ಆದಾಯ 200,000 ದಾಟುತ್ತಿದ್ದ ಹಾಗೆ ಅದು ಕರಗಲು ಶುರುವಾಗುತ್ತದೆ. ಬೇ ಏರಿಯಾದಲ್ಲಿ ಇಬ್ಬರು ದುಡಿಯುವ ಮನೆಗೆ ಅದನ್ನು ಲೆಕ್ಕಕ್ಕೆ ಹಿಡಿಯುವುದು ಕಷ್ಟ.

ಗೆಳೆಯನ ಎಲೆಕ್ಟ್ರಿಕ್ ಕಾರಿನ ಕಂತನ್ನು ಮರೆತುಬಿಡಿ. 2022ರ ಕಾನೂನಿನಡಿ ಲೀಸಿಗೆ ಕೊಟ್ಟ ಎಲೆಕ್ಟ್ರಿಕ್ ಕಾರುಗಳು ವಾಣಿಜ್ಯ ವಾಹನಗಳ ಲೆಕ್ಕಕ್ಕೆ ಬರುತ್ತಿದ್ದವು. ಲೀಸ್ ಕಂಪನಿಗೆ ಪ್ರತಿ ಕಾರಿಗೆ 7,500 ಡಾಲರ್‌ವರೆಗೆ ತೆರಿಗೆ ವಿನಾಯಿತಿ ಸಿಗುತ್ತಿತ್ತು, ಎಷ್ಟೋ ಕಂಪನಿಗಳು ಅದನ್ನು ಕಂತಿನಲ್ಲಿ ಇಳಿಸಿ ಕೊಡುತ್ತಿದ್ದವು. 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 208 ಡಾಲರ್. ಆ ವಿನಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು.

ಕಂತು ಸ್ಟಿಕರ್ ಬೆಲೆಯ 1% ಒಳಗಿರಬೇಕು ಎಂಬ ಸೂತ್ರವೂ ನಿಮ್ಮ ಕಿವಿಗೆ ಬಿದ್ದಿರಬಹುದು. ಡೌನ್ ಇಲ್ಲದೆ, ತೆರಿಗೆ ಬಿಟ್ಟು, ನಿಮ್ಮ ಕಾರಿಗೆ 420. ಬಡ್ಡಿ ಕಡಿಮೆ ಇದ್ದ ಕಾಲದ ಸೂತ್ರ ಅದು. ಈಗಿನ ದರದಲ್ಲಿ ಇಂಥ ಎಸ್‌ಯುವಿಗೆ 1.25% ಸಿಕ್ಕರೆ ಬೇಜಾರು ಬೇಡ. 526 ಅಷ್ಟೇ ಆಗುತ್ತದೆ. ಡೀಲರ್‌ನದು 1.56%.

ಇದೆಲ್ಲಕ್ಕಿಂತ ನನಗೆ ಹೆಚ್ಚು ಚಿಂತೆ ಕೊಟ್ಟದ್ದು ನಿಮ್ಮ ಪತ್ರದ ಇನ್ನೊಂದು ಸಾಲು. ದಿನಕ್ಕೆ 65 ಮೈಲಿ, ವಾರಕ್ಕೆ ಮೂರು ದಿನ, ವರ್ಷಕ್ಕೆ 48 ವಾರ ಎಂದರೆ 9,360 ಮೈಲಿ ಆಫೀಸಿಗೇ ಆಯಿತು. ಉಳಿದ 640 ಮೈಲಿಯಲ್ಲಿ ಇಡೀ ವರ್ಷದ ದಿನಸಿ, ಮಗಳ ಶಾಲೆ, ಲಿವರ್‌ಮೋರ್ ದೇವಸ್ಥಾನ ಎಲ್ಲ ಆಗಬೇಕು. ಅಪ್ಪ ಅಮ್ಮನನ್ನು ಒಮ್ಮೆ ಯೊಸೆಮಿಟಿಗೆ, ಒಮ್ಮೆ ಲಾಸ್ ಏಂಜಲೀಸಿಗೆ ಕರೆದುಕೊಂಡು ಹೋದರೆ ಸಾವಿರ ಮೈಲಿ. ಹಾಸನದಿಂದ ಅಷ್ಟು ದೂರ ಬಂದವರನ್ನು ಓಡೋಮೀಟರ್ ನೋಡಿಕೊಂಡು ಸುತ್ತಿಸುವುದಕ್ಕೆ ಆಗುತ್ತದೆಯೇ? ನಿಮ್ಮ ಬಳಕೆ ವರ್ಷಕ್ಕೆ 15,000ದ ಹತ್ತಿರ ಬರುತ್ತದೆ. ನಿಮ್ಮ ಕಾಗದದಲ್ಲಿ ಮಿತಿ ಮೀರಿದ ಪ್ರತಿ ಮೈಲಿಗೆ 20 ಸೆಂಟ್. ಮೂರು ವರ್ಷಕ್ಕೆ 15,000 ಮೈಲಿ ಹೆಚ್ಚಾದರೆ ಕೊನೆಯ ದಿನ 3,000 ಡಾಲರ್ ಬಿಲ್ಲು.

ಅದೇ ವರ್ಷಕ್ಕೆ 15,000 ಮೈಲಿಯ ಲೀಸನ್ನು ಮೊದಲೇ ಕೇಳಿದರೆ ರೆಸಿಡ್ಯುಅಲ್ ಸಾಮಾನ್ಯವಾಗಿ ಮೂರು ಶೇಕಡಾ ಅಂಶ ಇಳಿಯುತ್ತದೆ, 60ರಿಂದ 57ಕ್ಕೆ. 1,260 ಡಾಲರ್ ಆಯಿತು, ಕಂತಿಗೆ 33ರಷ್ಟು ಸೇರುತ್ತದೆ. ಇದಕ್ಕಿಂತ ಸುಲಭದ ದಾರಿಯೊಂದಿದೆ. ಆಫೀಸಿಗೆ ಹಳೆಯ ಸೆಡಾನ್‌ನಲ್ಲೇ ನೀವು ಹೋಗಿ, ಎಸ್‌ಯುವಿ ಹೆಂಡತಿಯ ಬಳಿ ಇರಲಿ. ಆಗ 10,000 ಮೈಲಿ ಧಾರಾಳ.

ಆ ಮೂರನೇ ಸಾಲು ನಿಜವಾಗಿ ಬೇಕೇ ಎಂದೂ ಒಮ್ಮೆ ಯೋಚಿಸಿ. ನೀವು ಐದು ಜನ, ಒಂದು ಮಕ್ಕಳ ಸೀಟು. ಮಧ್ಯದ ಸಾಲಿನಲ್ಲಿ ಆ ಸೀಟಿನ ಜೊತೆ ಇಬ್ಬರು ಕೂರುವುದು ಇಕ್ಕಟ್ಟು, ಒಪ್ಪುತ್ತೇನೆ. ಆದರೆ ಮಂಡಿ ನೋವಿರುವ ಅಮ್ಮ ಹಿಂದಿನ ಸಾಲಿಗೆ ಹತ್ತಲಾರರು, ಕೊನೆಗೆ ಅಲ್ಲಿ ಕೂರುವುದು ನಿಮ್ಮ ಹೆಂಡತಿ. ಹೆಂಡತಿಯನ್ನೇ ಶೋರೂಮಿನಲ್ಲಿ ಹತ್ತಿಸಿ ನೋಡಿ. ಆರು ತಿಂಗಳಿಗಾಗಿ ಮೂರು ವರ್ಷ ದೊಡ್ಡ ಗಾಡಿ ಸಾಕುವುದೋ, ಎರಡು ಸಾಲಿನ ಚಿಕ್ಕ ಎಸ್‌ಯುವಿ ಇಟ್ಟುಕೊಂಡು ಎರಡು ದೂರದ ಪ್ರವಾಸಕ್ಕೆ ಮಿನಿವ್ಯಾನ್ ಬಾಡಿಗೆಗೆ ತರುವುದೋ, ಮನೆಯವರೊಡನೆ ಕೂತು ತೀರ್ಮಾನಿಸಿ.

ವೀಸಾದ ವಿಷಯ. ಎಚ್‌1ಬಿಯಲ್ಲಿ ಕೆಲಸ ಹೋದರೆ ಹೊಸ ಕೆಲಸ ಹುಡುಕಲು ಇರುವುದು ಹೆಚ್ಚೆಂದರೆ 60 ದಿನ. ಲೀಸ್ 36 ತಿಂಗಳಿನದು. ಮಧ್ಯದಲ್ಲಿ ಬಿಟ್ಟರೆ ದಂಡ ಕಡಿಮೆಯಲ್ಲ, ಮೊದಲ ವರ್ಷವಂತೂ ಉಳಿದ ಕಂತುಗಳಲ್ಲಿ ದೊಡ್ಡ ಪಾಲು ಕಟ್ಟಬೇಕಾಗಬಹುದು. ಲೀಸನ್ನು ಬೇರೆಯವರ ಹೆಸರಿಗೆ ವರ್ಗಾಯಿಸಲು ಕೆಲವು ಕಂಪನಿಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. 2021ರ ನಂತರ ಹಲವು ಕಂಪನಿಗಳು ಬೇರೆ ಡೀಲರ್‌ಗೆ ಲೀಸ್ ಕಾರು ಮಾರುವುದನ್ನೂ ನಿಲ್ಲಿಸಿವೆ. ಈ ಎರಡನ್ನೂ ಸಹಿಗೆ ಮುಂಚೆ ಲೀಸ್ ಕಂಪನಿಗೇ ಫೋನ್ ಮಾಡಿ ಕೇಳಿ, ಡೀಲರ್‌ನ ಬಾಯಿಮಾತು ನೆಚ್ಚಬೇಡಿ. ವರ್ಗಾವಣೆಗೆ ಅವಕಾಶವಿಲ್ಲ ಎಂದರೆ, ನಿಮ್ಮ ಸ್ಥಿತಿಯಲ್ಲಿ ನಾನು ಸ್ವಲ್ಪ ಹೆಚ್ಚಾದರೂ ಅವಕಾಶವಿರುವ ಬೇರೆ ಕಂಪನಿಯ ಕಾರನ್ನೇ ಆರಿಸುತ್ತಿದ್ದೆ.

ಶೋರೂಮಿಗೆ ಮತ್ತೆ ಹೋಗುವ ಮೊದಲು ಐದಾರು ಡೀಲರ್‌ಗಳಿಗೆ ಈಮೇಲ್ ಮಾಡಿ. ಕಂತು ಎಷ್ಟು ಎಂದು ಕೇಳಲೇಬೇಡಿ. ಈ ಮಾದರಿಗೆ ಕಂಪನಿಯ ರಿಬೇಟ್ ಕಳೆಯುವ ಮೊದಲು ಕಾರಿನ ಬೆಲೆ ಎಷ್ಟು, ಮನಿ ಫ್ಯಾಕ್ಟರ್ ಎಷ್ಟು, ರೆಸಿಡ್ಯುಅಲ್ ಎಷ್ಟು ಶೇಕಡಾ, ಅವರು ಸೇರಿಸುವ ಪ್ಯಾಕೇಜ್ ಏನಾದರೂ ಇದೆಯೇ, ಇಷ್ಟೇ ಕೇಳಿ. ಇಬ್ಬರು ಉತ್ತರಿಸುವುದೇ ಇಲ್ಲ, ಇಬ್ಬರು ‘ಶೋರೂಮಿಗೆ ಬನ್ನಿ ಮಾತಾಡೋಣ’ ಅನ್ನುತ್ತಾರೆ, ಉಳಿದವರು ಅಂಕಿ ಕಳಿಸುತ್ತಾರೆ. ಅಂಕಿ ಕಳಿಸಿದವರ ಹತ್ತಿರ ಮಾತ್ರ ಹೋಗಿ. ಎದುರಿಗೆ ಕೂತವನು ‘ತಿಂಗಳಿಗೆ ಎಷ್ಟಾದರೆ ನಿಮಗೆ ಅನುಕೂಲ’ ಎಂದು ನಗುನಗುತ್ತಾ ಕೇಳಿದರೆ ಉತ್ತರ ಕೊಡಬೇಡಿ. ನೀವು 550 ಎಂದರೆ ಅವನು 550 ಮಾಡಿಯೇ ಕೊಡುತ್ತಾನೆ, 36 ತಿಂಗಳಿದ್ದದ್ದು 39 ಆಗಿರುತ್ತದೆ ಅಥವಾ ಮೈಲಿ 7,500ಕ್ಕೆ ಇಳಿದಿರುತ್ತದೆ. ಮೂರು ದಿನದೊಳಗೆ ವಾಪಸ್ ಕೊಡಬಹುದು ಎಂದು ಯಾರಾದರೂ ಹೇಳಿದ್ದರೆ ಅದನ್ನೂ ನಂಬಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಹೊಸ ಕಾರಿನ ಲೀಸಿಗೆ ಅಂಥ ಹಕ್ಕಿಲ್ಲ.

ವಿಮೆಯ ದರವನ್ನೂ ಮುಂಚೆಯೇ ವಿಚಾರಿಸಿ. ರಾಜ್ಯದ ಕಾನೂನು 2025ರಿಂದ ಕನಿಷ್ಠ 30/60/15 ಸಾವಿರದ ಹೊಣೆಗಾರಿಕೆ ವಿಮೆ (ಒಬ್ಬರ ಗಾಯಕ್ಕೆ, ಒಂದು ಅಪಘಾತದ ಎಲ್ಲರ ಗಾಯಕ್ಕೆ, ಆಸ್ತಿ ಹಾನಿಗೆ) ಕೇಳುತ್ತದೆ, ಲೀಸ್ ಕಂಪನಿಗಳು ಸಾಮಾನ್ಯವಾಗಿ 100/300/50 ಕೇಳುತ್ತವೆ, ಜೊತೆಗೆ ನಿಮ್ಮ ಕಾರಿಗೇ ಆಗುವ ಹಾನಿಗೆ ಕೊಲಿಶನ್ (ಡಿಕ್ಕಿ) ಮತ್ತು ಕಾಂಪ್ರಿಹೆನ್ಸಿವ್ (ಕಳವು, ಬೆಂಕಿ ಮುಂತಾದವು) ಎರಡೂ. ನಿಮ್ಮ ಹಳೆಯ ಸೆಡಾನ್‌ಗೆ ಬರೀ ಹೊಣೆಗಾರಿಕೆ ವಿಮೆ ಇದ್ದರೆ ಈ ವ್ಯತ್ಯಾಸವೇ ಒಂದು ಸಣ್ಣ ಕಂತಿನಷ್ಟಾಗಬಹುದು. ಅಪ್ಪ ಅಲ್ಲಿ ಗಾಡಿ ಓಡಿಸುವವರಾದರೆ ಇಲ್ಲೂ ಒಂದು ರೌಂಡ್ ಓಡಿಸಬೇಕು ಅನ್ನುತ್ತಾರೆ. ಆರು ತಿಂಗಳು ಮನೆಯಲ್ಲಿರುವವರ ಹೆಸರನ್ನು ವಿಮಾ ಕಂಪನಿಗೆ ತಿಳಿಸಿಯೇ ಬೀಗದ ಕೈ ಕೊಡಿ.